ಸರ್ಕಾರಿ ಶಾಲೆ ಮಕ್ಕಳಿಗೆ ಚಳಿಗಾಲಕ್ಕೆ ಸ್ವೆಟರ್: ಹೊಸದೋ ಹಳೆಯದೋ, ಯಾವಾಗ, ಹೇಗೆ?

ಕುವೆಂಪುನಗರದವನು

ನಮಸ್ಕಾರ. ಮೈಸೂರಿನ ನಮ್ಮ ಬೀದಿಯ ಕೆಲವು ಮನೆಯವರು ಸೇರಿ ಈ ದೀಪಾವಳಿಗೆ ಪಟಾಕಿ ಕಮ್ಮಿ ಮಾಡಿ, ಆ ದುಡ್ಡಿನಲ್ಲಿ ಹತ್ತಿರದ ಒಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಸ್ವೆಟರ್ ಕೊಡಿಸೋಣ ಎಂದು ಮಾತಾಡಿಕೊಂಡಿದ್ದೇವೆ. ನೂರರ ಮೇಲೆ ಮಕ್ಕಳಿದ್ದಾರೆ. ಗಾರೆ ಕೆಲಸ, ಮನೆಗೆಲಸ, ಹೋಟೆಲ್ ಕೆಲಸದವರ ಮಕ್ಕಳೇ ಜಾಸ್ತಿ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಇರುವವರ ಮಕ್ಕಳೂ ಇದ್ದಾರೆ.

ದಸರಾ ರಜೆ ಮುಗಿದು ಶಾಲೆ ಶುರುವಾಗಿದೆ. ಚಳಿ ಬೀಳುವ ಮುಂಚೆ ಮಕ್ಕಳ ಕೈ ಸೇರಬೇಕು ಅನ್ನೋದು ನಮ್ಮ ಆಸೆ. ಆದರೆ ನಮ್ಮಲ್ಲೇ ಎರಡು ಅಭಿಪ್ರಾಯ. ಮನೆ ಮನೆಯ ಬೀರುವಿನಲ್ಲಿ ಮಕ್ಕಳ ಹಳೇ ಸ್ವೆಟರ್ ಬಿದ್ದಿವೆ, ಒಗೆದು ಕೊಟ್ಟರೆ ಸಾಕು ಎಂದು ಕೆಲವರು. ಕೊಟ್ಟರೆ ಹೊಸದೇ ಕೊಡಬೇಕು ಎಂದು ಉಳಿದವರು. ಈ ಕೆಲಸ ಮಾಡಿರುವವರು ದಯವಿಟ್ಟು ಹೇಳಿ. ಎಲ್ಲಿ ತಗೊಳ್ಳಬೇಕು, ಶಾಲೆಯಲ್ಲಿ ಯಾರನ್ನು ಕೇಳಬೇಕು, ಸೈಜ್ ಹೇಗೆ ಗೊತ್ತಾಗಬೇಕು?

ಸಂತೆಪೇಟೆ ಹುಡುಗ

ಒಳ್ಳೆ ಕೆಲಸ ಸರ್. ಬೆಳಿಗ್ಗೆ ಐದಕ್ಕೆ ಪೇಪರ್ ಹಾಕುವ ಹುಡುಗರಿಗೂ ನಾಲ್ಕು ಎತ್ತಿಡಿ.

ಟೀಚರಮ್ಮ

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಮೊದಲು ಸರ್ಕಾರದಿಂದ ಏನು ಬರುತ್ತದೆ ಅನ್ನೋದು ತಿಳಿದಿರಲಿ. ವಿದ್ಯಾ ವಿಕಾಸ ಯೋಜನೆಯಲ್ಲಿ 1ರಿಂದ 10ನೇ ತರಗತಿವರೆಗೆ ಪಠ್ಯಪುಸ್ತಕ, ಸಮವಸ್ತ್ರ ಉಚಿತ. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೂಡ ಬರುತ್ತದೆ. ಸ್ವೆಟರ್ ಈ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನೀವು ಕೊಟ್ಟರೆ ಅದು ಖಂಡಿತ ಉಪಯೋಗಕ್ಕೆ ಬರುತ್ತೆ.

ಆದರೆ ಒಂದು ಮಾತು ಸರ್. ಸ್ವೆಟರ್ ಅಂತ ಮೊದಲೇ ತೀರ್ಮಾನ ಮಾಡಿಬಿಡಬೇಡಿ. ನಮ್ಮ ಕಡೆ ಮೇ ಬಿಟ್ಟರೆ ಮಳೆ ಜೋರು ಇರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಗುವಿಗೆ ಇರುವುದು ಎರಡು ಜೊತೆ ಸಮವಸ್ತ್ರ, ಒಂದೊಂದು ವರ್ಷ ಎರಡನೇ ಜೊತೆ ತಡವಾಗಿ ಬರುತ್ತದೆ. ಒಂದು ಜೊತೆ ಮೈ ಮೇಲೆ, ಇನ್ನೊಂದು ಶೀಟ್ ಮನೆಯ ಒಳಗೆ ಹಗ್ಗದ ಮೇಲೆ. ಅದು ಎರಡು ದಿನವಾದರೂ ಒಣಗುವುದಿಲ್ಲ. ನಮ್ಮ ನಾಲ್ಕನೇ ತರಗತಿಯ ಒಬ್ಬ ಹುಡುಗ ಮಳೆಗಾಲ ಪೂರ್ತಿ ಕಿಟಕಿ ಪಕ್ಕದ ಜಾಗ ಬಿಡುವುದಿಲ್ಲ. ಯಾಕೆ ಅಂತ ನೋಡಿದರೆ ಅಲ್ಲಿ ಬಿಸಿಲು ಬೀಳುತ್ತದೆ. ಅಂಗಿ ದೂರದಿಂದ ಒಣಗಿದ ಹಾಗೆ ಕಾಣುತ್ತದೆ, ಕಾಲರ್ ಮತ್ತು ಜೇಬಿನ ಹತ್ತಿರ ಮುಟ್ಟಿದರೆ ತಣ್ಣಗೆ. ಬೆಳಿಗ್ಗೆ ಹಾಲು ಕೊಟ್ಟಾಗ ಲೋಟವನ್ನು ಕೆನ್ನೆಗೆ ಒತ್ತಿಕೊಂಡು ಕೂತಿರುತ್ತಾನೆ, ಆರಿದ ಮೇಲೆ ಕುಡಿಯುತ್ತಾನೆ.

ಅವನಿಗೆ ಬೇಕಾಗಿರುವುದು ಜೂನ್‌ನಲ್ಲಿ ಒಂದು ರೇನ್‌ಕೋಟು. ಡಿಸೆಂಬರ್‌ನ ಸ್ವೆಟರ್ ಆಮೇಲೆ. ಆದ್ದರಿಂದ ಹೆಡ್ ಮಾಸ್ಟರ್ ಹತ್ತಿರ ಹೋಗಿ, ಈ ಮಕ್ಕಳಿಗೆ ಏನು ಇಲ್ಲ ಎಂದು ಕೇಳಿ. ಏನು ಕೊಡಲಿ ಎಂದು ಕೇಳಿದರೆ ಪಾಪ ಅವರು ಏನಾದರೂ ಕೊಡಿ ಅನ್ನುತ್ತಾರೆ.

ಕುವೆಂಪುನಗರದವನು

ಮೇಡಂ, ತುಂಬಾ ಥ್ಯಾಂಕ್ಸ್. ಮಳೆ ವಿಷಯ ನಮ್ಮ ಮಾತಿನಲ್ಲಿ ಬಂದೇ ಇರಲಿಲ್ಲ. ಹೆಡ್ ಮಾಸ್ಟರ್ ಒಪ್ಪಿದರೆ ಸಾಕಾ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಪತ್ರ ಕೊಡಬೇಕಾ?

ಟೀಚರಮ್ಮ

ಹೆಡ್ ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ. ಎಸ್‌ಡಿಎಂಸಿಯಲ್ಲಿ ಇರುವವರು ಆ ಮಕ್ಕಳ ಅಪ್ಪ ಅಮ್ಮಂದಿರೇ. ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೊಟ್ಟ ಸಾಮಾನು ಎಷ್ಟು ಎಂದು ಒಂದು ಪತ್ರದಲ್ಲಿ ಬರೆದು ಶಾಲೆಗೆ ಕೊಡಿ, ದಾಖಲೆಗೆ ಒಳ್ಳೆಯದು.

ಲೆಕ್ಕ ಕೇಳುವವನು

ಎಲ್ಲರ ಮನಸ್ಸು ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಗೃಹಲಕ್ಷ್ಮಿಯಲ್ಲಿ ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಬರುತ್ತದೆ. 2023ರ ಆಗಸ್ಟ್ 30ಕ್ಕೆ ನಮ್ಮ ಮಹಾರಾಜ ಕಾಲೇಜು ಮೈದಾನದಲ್ಲೇ ಶುರು ಮಾಡಿದ್ದು. ಅಕ್ಕಿ ಬರುತ್ತೆ, ಬಸ್ಸು ಫ್ರೀ. ಅದರಲ್ಲಿ ಮಗುವಿಗೆ ಒಂದು ಸ್ವೆಟರ್ ತರೋಕೆ ಆಗಲ್ವಾ? ಪ್ರತಿಯೊಂದನ್ನೂ ಇನ್ನೊಬ್ಬರು ಕೊಟ್ಟರೆ ಮನೆಯವರ ಜವಾಬ್ದಾರಿ ಏನು ಉಳಿಯುತ್ತೆ?

ಮಂಡ್ಯದ ಮಗಳು

ಅಣ್ಣ, ಆ ಎರಡು ಸಾವಿರ ಎಲ್ಲಿಗೆ ಹೋಗುತ್ತೆ ಎಂದು ಒಂದು ಸಲ ಯಾವುದಾದರೂ ಮನೆಯಲ್ಲಿ ಕೂತು ಕೇಳಿ. ಸಂಘದ ಸಾಲದ ಕಂತು, ಗ್ಯಾಸು, ಅಜ್ಜಿ ಮಾತ್ರೆ. ಮುಗೀತು.

ಇನ್ನೊಂದು. ಗೃಹಲಕ್ಷ್ಮಿ ಬರಬೇಕಾದರೆ ನಮ್ಮ ರಾಜ್ಯದ ರೇಷನ್ ಕಾರ್ಡ್ ಬೇಕು. ನಮ್ಮ ಮಂಡ್ಯ ಕಡೆ ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದಿಂದ ಬಂದವರು ಹೆಂಡತಿ ಮಕ್ಕಳ ಜೊತೆ ಇದ್ದಾರೆ. ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ತಂಡ ತಂಡ ಬರುತ್ತವೆ. ಕಬ್ಬಿನ ಗದ್ದೆ ಪಕ್ಕದಲ್ಲೇ ಟಾರ್ಪಾಲಿನ ಗುಡಿಸಲು. ಹೊರ ರಾಜ್ಯದವರಿಗೆ ಇಲ್ಲಿಯ ಕಾರ್ಡೇ ಇಲ್ಲ. ಅಪ್ಪ ಅಮ್ಮ ಬೆಳಕು ಹರಿಯುವ ಮುಂಚೆ ಗದ್ದೆಗೆ ಇಳಿಯುತ್ತಾರೆ, ಮಕ್ಕಳು ಮಂಜಿನಲ್ಲಿ ರಸ್ತೆ ಬದಿ ಕೂತಿರುತ್ತವೆ. ಆ ಮಗುವಿನ ಹತ್ತಿರ ಹೋಗಿ ಜವಾಬ್ದಾರಿ ಪಾಠ ಮಾಡೋಕಾಗುತ್ತಾ?

ಲೆಕ್ಕ ಕೇಳುವವನು

ವಲಸೆ ಬಂದವರ ವಿಷಯ ಒಪ್ಪಿದೆ ತಂಗಿ. ನಾನು ಕೇಳಿದ್ದು ಊರಲ್ಲೇ ಇರುವವರ ಬಗ್ಗೆ. ಅಲ್ಲೂ ತೀರಾ ಬಡವರು ಯಾರು ಎಂದು ನೋಡಿ ಅವರಿಗೆ ಮಾತ್ರ ಕೊಡಿ ಅಂತ ನನ್ನ ವಾದ. ನೂರು ಜನಕ್ಕೆ ಕೊಡುವ ದುಡ್ಡಲ್ಲಿ ಮೂವತ್ತು ಜನಕ್ಕೆ ಸ್ವೆಟರ್, ರೇನ್‌ಕೋಟ್, ಶೂ ಎಲ್ಲಾ ಕೊಡಬಹುದಲ್ಲ?

ಟೀಚರಮ್ಮ

ದಯವಿಟ್ಟು ಹಾಗೆ ಮಾತ್ರ ಮಾಡಬೇಡಿ ಸರ್. ಒಂದು ತರಗತಿಯಲ್ಲಿ ಎಂಟು ಮಕ್ಕಳಿಗೆ ಮಾತ್ರ ಒಂದೇ ಬಣ್ಣದ ಸ್ವೆಟರ್ ಬಂತು ಅಂದರೆ, ಮಾರನೇ ದಿನದಿಂದ ಆ ಎಂಟು ಮಕ್ಕಳು ಯಾರು ಎಂದು ಇಡೀ ಶಾಲೆಗೆ ಗೊತ್ತು. ಅವರಲ್ಲಿ ಐದು ಜನ ಹಾಕಿಕೊಂಡೇ ಬರುವುದಿಲ್ಲ. ಕೊಟ್ಟರೆ ಒಂದು ತರಗತಿಯ ಎಲ್ಲರಿಗೂ ಕೊಡಿ. ದುಡ್ಡು ಸಾಲದಿದ್ದರೆ 1ರಿಂದ 3ರವರೆಗೆ ಮಾತ್ರ ಕೊಡಿ, ಮುಂದಿನ ವರ್ಷ ಉಳಿದವರಿಗೆ.

ಸೂಜಿ ದಾರ

ನಾನು ಶಿವರಾಂಪೇಟೆ ಹತ್ತಿರ ಟೈಲರಿಂಗ್ ಇಟ್ಟುಕೊಂಡಿದ್ದೇನೆ. ಶಾಲಾ ಬಟ್ಟೆ ಹೊಲಿದು ಅಭ್ಯಾಸ ಇರುವುದರಿಂದ ನಾಲ್ಕು ಮಾತು.

ಪ್ರಾಥಮಿಕ ಶಾಲೆ ಮಗು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಈಗ ಸರಿಯಾಗಿರುವ ಸ್ವೆಟರ್ ಮುಂದಿನ ಡಿಸೆಂಬರಿಗೆ ಮಣಿಕಟ್ಟಿನಿಂದ ಮೇಲೆ ಏರುತ್ತದೆ. ಒಂದು ಸೈಜ್ ದೊಡ್ಡದೇ ತಗೊಳ್ಳಿ, ಕೈ ತುದಿ ಮಡಚಿಕೊಳ್ಳಬಹುದು. ಎರಡು ಸೈಜ್ ದೊಡ್ಡದು ಬೇಡ. ಭುಜ ಇಳಿದು ಬಿದ್ದರೆ ಮಕ್ಕಳು ನಾಚಿಕೊಂಡು ಬಿಟ್ಟುಬಿಡುತ್ತಾರೆ.

ವಯಸ್ಸು ಕೇಳಿ ಸೈಜ್ ಬರೆದುಕೊಳ್ಳಬೇಡಿ. ಎಂಟು ವರ್ಷದ ಮಗು ಅಂದರೆ ಅಂಗಡಿಯವನು ಕೊಡುವ ಸೈಜೇ ಬೇರೆ, ಆ ಶಾಲೆಯಲ್ಲಿರುವ ಎಂಟು ವರ್ಷದ ಮಗುವಿನ ಮೈಕಟ್ಟೇ ಬೇರೆ. ಟೇಪು ಹಿಡಿದು ಎದೆ ಸುತ್ತಳತೆ ಇಂಚಿನಲ್ಲಿ ತಗೊಳ್ಳಿ. 22, 24, 26, 28 ಹೀಗೆ ನಂಬರ್ ಬರುತ್ತೆ. ಎದೆ 24 ಇಂಚು ಇದ್ದರೆ ಸ್ವೆಟರ್ 26. ಅಂಗಿ ಮೇಲೆ ಹಾಕಬೇಕಲ್ಲ. ಇಬ್ಬರು ಕೂತರೆ ಒಂದು ಬೆಳಿಗ್ಗೆಯಲ್ಲಿ ನೂರು ಮಕ್ಕಳ ಅಳತೆ ಮುಗಿಯುತ್ತೆ. ಹೆಣ್ಣುಮಕ್ಕಳ ಅಳತೆ ಟೀಚರ್ ಅಥವಾ ನಿಮ್ಮ ಮನೆಯ ಹೆಂಗಸರು ತಗೊಳ್ಳಲಿ.

ಇನ್ನು ಜಿಪ್ಪು. ಕಮ್ಮಿ ಬೆಲೆಯದರಲ್ಲಿ ಮೊದಲು ಹೋಗುವುದೇ ಜಿಪ್ಪು. ಹೋದ ಮೇಲೆ ಹಾಕಿಸಲು ಮನೆಯವರಿಗೆ ದುಡ್ಡು ಖರ್ಚು, ಸ್ವೆಟರ್ ಮೂಲೆ ಸೇರುತ್ತೆ. ಗುಂಡಿ ಇರುವುದು, ಇಲ್ಲವೇ ತಲೆ ಮೇಲಿಂದ ಹಾಕಿಕೊಳ್ಳುವುದು ತಗೊಳ್ಳಿ.

ಸಂತೆಪೇಟೆ ಹುಡುಗ

ಜಿಪ್ ವಿಷಯ ನೂರಕ್ಕೆ ನೂರು ನಿಜ ಅಣ್ಣ.

ಮಕ್ಕಳ ವಾರ್ಡ್ ನರ್ಸ್

ಹಳೇ ಬಟ್ಟೆ ಬೇಡವೇ ಬೇಡ ಅನ್ನುವವರಿಗೆ, ಬೇಕೇ ಬೇಕು ಅನ್ನುವವರಿಗೆ ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಹಳೆಯದು ಕೊಡಬಹುದು, ಆದರೆ ಕಜ್ಜಿ ಹುಳದ ಬಗ್ಗೆ ಎಚ್ಚರ ಇರಲಿ. ಚಳಿಗಾಲದಲ್ಲಿ ನಮ್ಮ ಹತ್ತಿರ ಬರುವ ಮಕ್ಕಳಲ್ಲಿ ಕಜ್ಜಿ ಜಾಸ್ತಿ. ಒಂದೇ ಕಂಬಳಿಯಲ್ಲಿ ನಾಲ್ಕು ಜನ ಮಲಗುತ್ತಾರೆ, ಬೇಗ ಹರಡುತ್ತೆ. ಬಟ್ಟೆಯನ್ನು ಚೆನ್ನಾಗಿ ಬಿಸಿ ನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಉಣ್ಣೆ ಬಟ್ಟೆ ಬಿಸಿ ನೀರಿಗೆ ಹಾಕೋಕಾಗಲ್ಲ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮನುಷ್ಯರ ಮೈ ಬಿಟ್ಟರೆ ಆ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕಲ್ಲ.

ಎರಡನೆಯದು ಟೋಪಿ ಇರುವ ಸ್ವೆಟರ್. ಕತ್ತಿನ ಹತ್ತಿರ ದಾರ ಇದ್ದರೆ ಕೊಡುವ ಮುಂಚೆ ಎಳೆದು ತೆಗೆದುಬಿಡಿ. ಆಟದ ಜಾರುಬಂಡೆ, ಆಟೋ ಬಾಗಿಲು, ಸೈಕಲ್ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತಿಗೇ ಬರುತ್ತೆ.

ಮೂರನೆಯದು ತುಂಬಾ ಮುಖ್ಯ. ಮೇಲೆ ತಂಗಿ ಆಲೆಮನೆ ಮಕ್ಕಳ ವಿಷಯ ಹೇಳಿದರು. ಕಮ್ಮಿ ಬೆಲೆಯ ಸ್ವೆಟರ್ ಬಹುತೇಕ ಆಕ್ರಿಲಿಕ್ ದಾರದ್ದು. ನೋಡೋಕೆ ಉಣ್ಣೆ ಥರ, ಮೆತ್ತಗೆ, ಬೆಚ್ಚಗೆ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತೆ. ಒಲೆ ಮುಂದೆ ಕೂತು ಬೆಂಕಿ ಕಾಯಿಸುವ ಮಕ್ಕಳಿಗೆ, ಆಲೆಮನೆ ಕೊಪ್ಪರಿಗೆ ಹತ್ತಿರ ಓಡಾಡುವ ಮಕ್ಕಳಿಗೆ ಅದು ಬೇಡ. ದಪ್ಪ ಹತ್ತಿಯ, ಒಳಗೆ ಜುಂಗು ಇರುವ ಬಟ್ಟೆ ನೋಡಿ. ಹತ್ತಿಯೂ ಉರಿಯುತ್ತೆ, ಆದರೆ ಕರಗಿ ಚರ್ಮಕ್ಕೆ ಹಿಡಿಯಲ್ಲ.

ಮಂಡ್ಯದ ಮಗಳು

ಅಕ್ಕಾ, ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಊರಿನ ಆಲೆಮನೆಯಲ್ಲಿ ಸಂಜೆ ಮಕ್ಕಳೆಲ್ಲ ಒಲೆ ಬಾಯಿ ಹತ್ತಿರವೇ ಇರುತ್ತವೆ. ಬೆಚ್ಚಗಿರುತ್ತೆ ಅಂತ.

ಹಳೇ ಮೈಸೂರಿಗ

ಮೈಸೂರಲ್ಲಿ ಈಗ ಚಳಿ ಎಲ್ಲಿದೆ ಸ್ವಾಮಿ? ನಮ್ಮ ಕಾಲದಲ್ಲಿ ಡಿಸೆಂಬರ್ ಅಂದರೆ ಎಂಟು ಗಂಟೆವರೆಗೆ ಚಾಮುಂಡಿ ಬೆಟ್ಟ ಕಾಣುತ್ತಿರಲಿಲ್ಲ. ನಾವು ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಮಳೆಗೂ ಅದೇ, ಚಳಿಗೂ ಅದೇ.

ಸೂಜಿ ದಾರ

ಕಂಬಳಿ ಕೊಪ್ಪೆ ಈಗ ಯಾರ ಹತ್ತಿರ ಇದೆ ಸರ್? ಕುರಿ ಉಣ್ಣೆಯ ಒಳ್ಳೆ ಕಂಬಳಿ ತಗೊಳ್ಳುವ ಬೆಲೆಯಲ್ಲಿ ಎಷ್ಟೋ ಸ್ವೆಟರ್ ಬರುತ್ತೆ. ಹಳ್ಳಿಯಲ್ಲಿ ಈಗ ಯೂರಿಯಾ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ತೂರಿಸಿ ಕೊಪ್ಪೆ ಮಾಡಿಕೊಳ್ಳುತ್ತಾರೆ. ತಲೆ, ಬೆನ್ನು ನೆನೆಯಲ್ಲ, ಆದರೆ ಬ್ಯಾಗು, ಮುಂಭಾಗ ಪೂರ್ತಿ ಒದ್ದೆ.

ಮಕ್ಕಳ ವಾರ್ಡ್ ನರ್ಸ್

ಮೈಸೂರಲ್ಲಿ ಚಳಿ ಇಲ್ಲ ಅನ್ನೋದು ಆರ್‌ಸಿಸಿ ಮನೆಯಲ್ಲಿ ಮಲಗುವವರ ಮಾತು ಸರ್, ಬೇಜಾರು ಮಾಡಿಕೊಳ್ಳಬೇಡಿ. ಜನವರಿ ಬೆಳಗಿನ ಜಾವ 16 ಡಿಗ್ರಿ ಆಸುಪಾಸು, ಕೆಲವು ದಿನ ಇನ್ನೂ ಕೆಳಗೆ. ಶೀಟ್ ಮನೆಯಲ್ಲಿ ನೆಲದ ಮೇಲೆ ಮಲಗಿದ ಮಗುವಿಗೆ, ಅದರಲ್ಲೂ ತೂಕ ಕಮ್ಮಿ ಇರುವ ಮಗುವಿಗೆ ಅದು ಚಳಿಯೇ.

ಹಸುಗೂಸುಗಳ ಕಥೆ ಇನ್ನೂ ಕಷ್ಟ. 2007ರಲ್ಲಿ ಮಡಿಲು ಕಿಟ್ ಅಂತ ಶುರುವಾಗಿತ್ತು, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ 19 ಸಾಮಾನಿನ ಚೀಲ. ಅದರಲ್ಲಿ ಮಗುವಿಗೆ ಸ್ವೆಟರ್, ಕುಲಾವಿ, ಕಾಲುಚೀಲ, ತಾಯಿಗೆ ದಪ್ಪ ಹೊದಿಕೆ ಎಲ್ಲಾ ಇರುತ್ತಿತ್ತು. ಆಮೇಲೆ ನಿಂತುಹೋಯಿತು. ಬಾಣಂತಿ ವಾರ್ಡಿನಲ್ಲಿ ಈಗಲೂ ಅದನ್ನು ನೆನಪು ಮಾಡಿಕೊಳ್ಳುವ ಅಜ್ಜಿಯರಿದ್ದಾರೆ. ಬೀದಿಯ ಹಿರಿಯರು ಯಾರಿಗಾದರೂ ಹೆಣೆಯಲು ಬಂದರೆ ಕುಲಾವಿ ಹೆಣೆದು ಕೊಡಿ, ಒಳ್ಳೆಯ ಕೆಲಸ.

ಹುಣಸೂರು ರಸ್ತೆ

ನನಗೆ ಒಂದು ಸಿಟ್ಟು ಇದೆ, ಇಲ್ಲಿ ಹೇಳಿಬಿಡುತ್ತೇನೆ. ದಸರಾ ಆನೆಗಳ ಜೊತೆ ಮಾವುತರು, ಕಾವಾಡಿಗಳು ಕುಟುಂಬ ಸಮೇತ ಅರಮನೆ ಆವರಣಕ್ಕೆ ಬರುತ್ತಾರೆ. ಅವರ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಆಗ ನೋಡಬೇಕು, ಬಟ್ಟೆ ಕೊಡುವವರು, ಬ್ಯಾಗು ಕೊಡುವವರು, ಬಿಸ್ಕತ್ತು ಕೊಡುವವರು ಸಾಲು ಸಾಲು. ಸಂತೋಷವೇ. ಆದರೆ ಜಂಬೂಸವಾರಿ ಮುಗಿದು ಲಾರಿ ಹತ್ತಿ ಕಾಡಿಗೆ ವಾಪಸ್ ಹೋದ ಮೇಲೆ ಅದೇ ಮಕ್ಕಳನ್ನು ಕೇಳುವವರಿಲ್ಲ. ನಿಜವಾದ ಚಳಿ ಶುರುವಾಗುವುದೇ ಆಮೇಲೆ.

ಹುಣಸೂರು, ಎಚ್.ಡಿ.ಕೋಟೆ ಕಡೆಯ ಹಾಡಿಗಳಿಗೆ, ಅಂದರೆ ಆದಿವಾಸಿಗಳ ಊರುಗಳಿಗೆ, ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ ನೋಡಿ. ಕಾಡಿನ ಅಂಚು, ಸಂಜೆ ಐದೂವರೆಗೇ ತಣ್ಣಗಾಗುತ್ತೆ. ಜೇನುಕುರುಬರ ಮಕ್ಕಳು ತೆಳು ಅಂಗಿಯಲ್ಲಿ ಬೆಂಕಿ ಸುತ್ತ ಕೂತಿರುತ್ತಾರೆ. ಆಶ್ರಮ ಶಾಲೆಯಲ್ಲಿ ಇರುವ ಮಕ್ಕಳಿಗೆ ಊಟ, ವಸತಿ ಇದೆ. ಮನೆಯಲ್ಲೇ ಇರುವ ಚಿಕ್ಕವರು, ಶಾಲೆ ಬಿಟ್ಟವರು ಯಾವ ಪಟ್ಟಿಯಲ್ಲೂ ಇರಲ್ಲ. ಪಿರಿಯಾಪಟ್ಟಣ ಕಡೆ ಇನ್ನೊಂದು ಥರ, ಕೊಡಗಿನ ಪಕ್ಕ ಆದ್ದರಿಂದ ಜೂನ್‌ನಿಂದಲೇ ಜಿಟಿ ಜಿಟಿ ಮಳೆ.

ಕುವೆಂಪುನಗರದ ಸರ್, ನಿಮ್ಮ ಶಾಲೆಗೆ ಕೊಡಿ, ಬೇಡ ಅನ್ನಲ್ಲ. ಸ್ವಲ್ಪ ಮಿಕ್ಕಿದರೆ ಈ ಕಡೆಗೂ ನೋಡಿ.

ಲೆಕ್ಕ ಕೇಳುವವನು

ಇದು ಒಪ್ಪುವ ಮಾತು. ಎಲ್ಲರ ಕಣ್ಣಿಗೆ ಬೀಳುವ ಕಡೆ ಕೊಡುವುದು ಜಾಸ್ತಿ, ಬೇಕಾದ ಕಡೆ ಕಮ್ಮಿ.

ವಿಜಯನಗರ ಎರಡನೇ ಹಂತ

ಹಳೇ ಬಟ್ಟೆಯ ಬಗ್ಗೆ ಇಲ್ಲಿ ಎಲ್ಲರೂ ಮೂಗು ಮುರಿಯುತ್ತಿದ್ದೀರಿ. ಗೂಂಜ್ ಸಂಸ್ಥೆ 1999ರಿಂದ ನಡೆಯುತ್ತಿರುವುದೇ ಬಳಸಿದ ಬಟ್ಟೆಯ ಮೇಲೆ. ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಸುಮ್ನೆ ಹಂಚುವುದಿಲ್ಲ. ಊರಿನವರು ತಮ್ಮ ಊರಿಗೆ ಬೇಕಾದ ಕೆಲಸ, ಅಂದರೆ ಬಾವಿ, ರಸ್ತೆ, ಕೆರೆ ಮಾಡಿಕೊಳ್ಳುತ್ತಾರೆ. ಆ ಕೆಲಸಕ್ಕೆ ಪ್ರತಿಯಾಗಿ ಬಟ್ಟೆ, ಸಾಮಾನು. ಯಾರೂ ಯಾರ ಮುಂದೆಯೂ ಕೈ ಚಾಚಿದ ಹಾಗಾಗಲ್ಲ.

ನಮ್ಮಲ್ಲೂ 2023ರ ಮೇ ತಿಂಗಳಲ್ಲಿ ಊರೂರಿನ ನಗರಸಂಸ್ಥೆಗಳು ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರ ತೆರೆದವು, ಹಳೇ ಬಟ್ಟೆ ಪುಸ್ತಕ ಆಟಿಕೆ ಕೊಡಲು. ಒಳ್ಳೆಯ ವಿಚಾರ. ಆದರೆ ಜನ ಹರಿದ ಬನಿಯನ್, ಕಲೆ ಬಿದ್ದ ಬೆಡ್‌ಶೀಟ್ ತಂದು ಹಾಕಿದರೆ ಅದನ್ನು ಬೇರ್ಪಡಿಸುವವರ ಗತಿ ಏನು? ತಪ್ಪು ಹಳೇ ಬಟ್ಟೆಯದ್ದಲ್ಲ, ಆರಿಸದೆ ಕೊಡುವುದರದ್ದು. ನಮ್ಮ ಮಕ್ಕಳಿಗೆ ಹಾಕಿ ನಾಳೆ ಹೊರಗೆ ಕರೆದುಕೊಂಡು ಹೋಗುತ್ತೇವಾ ಎಂದು ಒಂದು ಸಲ ನೋಡಿ. ಹೌದು ಅಂದರೆ ಕೊಡಿ.

ಟೀಚರಮ್ಮ

ಇದಕ್ಕೆ ಒಂದು ಸೇರಿಸುತ್ತೇನೆ. ಯಾರೂ ಕೊಡದೇ ಇರುವುದು, ಕೇಳಲು ಮಕ್ಕಳಿಗೂ ನಾಚಿಕೆ ಆಗುವುದು ಒಳ ಉಡುಪು. ಚಡ್ಡಿ, ಬನಿಯನ್, ಹೆಣ್ಣುಮಕ್ಕಳಿಗೆ ಶಿಮ್ಮಿ. ಇದು ಹೊಸದೇ ಆಗಬೇಕು. ಆರು, ಏಳನೇ ತರಗತಿ ಹೆಣ್ಣುಮಕ್ಕಳು ಒದ್ದೆ ಬಟ್ಟೆಯ ಕಾರಣಕ್ಕೆ ಶಾಲೆ ತಪ್ಪಿಸುವುದು ನಾನು ನೋಡಿದ್ದೇನೆ. ಹೊರಗೆ ಕಾಣುವ ಸ್ವೆಟರ್ ಬೆಲೆಯಲ್ಲಿ ಇದನ್ನು ಮೂರು ಜೊತೆ ತರಬಹುದು. ಒಳಗೆ ಬನಿಯನ್ ಇದ್ದರೆ ಚಳಿಯೂ ಕಮ್ಮಿ.

ಮಕ್ಕಳ ವಾರ್ಡ್ ನರ್ಸ್

ಹೌದು ಮೇಡಂ. ಒಂದು ದಪ್ಪದ್ದಕ್ಕಿಂತ ಎರಡು ತೆಳು ಪದರ ಜಾಸ್ತಿ ಬೆಚ್ಚಗೆ.

ಗಾಡಿ ಮಾಲೀಕ

ಖರೀದಿ ಬಗ್ಗೆ ನನ್ನ ಹತ್ತಿರ ಕೇಳಿ. ಬಟ್ಟೆ ಲೋಡ್ ತರುವುದೇ ನನ್ನ ಕೆಲಸ. ನೂರಕ್ಕಿಂತ ಜಾಸ್ತಿ ಪೀಸ್ ಬೇಕಿದ್ದರೆ ತಿರುಪ್ಪೂರು ನೋಡಿ. ಚಾಮರಾಜನಗರ, ಸತ್ಯಮಂಗಲ ದಾರಿ. ದಿಂಬಂ ಘಾಟಿಯಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಸರಕು ಗಾಡಿ ಬಿಡುವುದಿಲ್ಲ, ಅದಕ್ಕೆ ಬೆಳಿಗ್ಗೆ ಬೇಗ ಹೊರಡಬೇಕು. ಅಲ್ಲಿ ಹತ್ತಿಯ ಹೊಸೈರಿ ಬಟ್ಟೆ ಚೆನ್ನಾಗಿ ಸಿಗುತ್ತೆ, ನರ್ಸ್ ಅಕ್ಕ ಹೇಳಿದ ದಪ್ಪ ಹತ್ತಿಯ ಸ್ವೆಟ್ ಶರ್ಟ್ ಕೂಡ. ಉಣ್ಣೆ, ಆಕ್ರಿಲಿಕ್ ಮಾಲು ಹೆಚ್ಚು ಬರುವುದು ಲೂಧಿಯಾನದಿಂದ. ಚಳಿಗಾಲದಲ್ಲಿ ಟಿಬೆಟಿನವರು ಇಡುವ ಸ್ವೆಟರ್ ಅಂಗಡಿಗೂ ಅಲ್ಲಿಂದಲೇ ಬರುತ್ತೆ.

ಬಿಲ್ ಹಾಕಿಸಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಬಟ್ಟೆಗೆ 5 ಪರ್ಸೆಂಟ್ ಜಿಎಸ್‌ಟಿ ಅಷ್ಟೇ. ಬಿಲ್ ಇದ್ದರೆ ಸೈಜ್ ಬದಲಾಯಿಸಿಕೊಳ್ಳಬಹುದು, ದುಡ್ಡು ಕೊಟ್ಟವರಿಗೂ ಲೆಕ್ಕ ತೋರಿಸಬಹುದು.

ಸಂತೆಪೇಟೆ ಹುಡುಗ

ತಿರುಪ್ಪೂರು ಯಾಕಣ್ಣ, ಸಂತೆಪೇಟೆ ಹೋಲ್‌ಸೇಲ್‌ನಲ್ಲೇ ಕೇಳಿ. ಊರಿನ ವ್ಯಾಪಾರ ಊರಲ್ಲೇ ಇರಲಿ. ಸೈಜ್ ಸರಿ ಹೋಗದಿದ್ದರೆ ಬಸ್ಸು ಹತ್ತಿ ಹೋಗಿ ಬದಲಾಯಿಸಿಕೊಂಡು ಬರಬಹುದು.

ಗಾಡಿ ಮಾಲೀಕ

ಅದೂ ಸರಿ ಗುರು. ರೇಟ್ ಎರಡೂ ಕಡೆ ಕೇಳಿ ನೋಡಲಿ.

ಜೆ.ಪಿ.ನಗರ ಅಕ್ಕ

ಬಟ್ಟೆ ಯಾಕೆ ಕೊಡಬೇಕು, ತಾಯಿ ಅಕೌಂಟಿಗೆ ದುಡ್ಡು ಹಾಕಿದರೆ ಆಗಲ್ವಾ? ಉತ್ತರ ಪ್ರದೇಶದಲ್ಲಿ ಸರ್ಕಾರಿ ಶಾಲೆ ಮಕ್ಕಳ ಅಪ್ಪ ಅಮ್ಮನ ಖಾತೆಗೆ ಸಮವಸ್ತ್ರ, ಸ್ವೆಟರ್, ಶೂ, ಬ್ಯಾಗ್ ಎಲ್ಲಾ ಸೇರಿ ನೇರ ದುಡ್ಡು ಹಾಕುತ್ತಾರೆ. 2021ರಲ್ಲಿ 1100 ರೂಪಾಯಿ ಇತ್ತು, ಆಮೇಲೆ 1200 ಮಾಡಿದರು. ಅದರಲ್ಲಿ ಸ್ವೆಟರಿಗೆ 200. ತಾಯಿಗೆ ತನ್ನ ಮಗುವಿನ ಅಳತೆ ಗೊತ್ತು, ಇಷ್ಟ ಗೊತ್ತು. ತಾನೇ ತರುತ್ತಾಳೆ.

ಟೀಚರಮ್ಮ

ಇನ್ನೂರು ರೂಪಾಯಿಗೆ ಯಾವ ಸ್ವೆಟರ್ ಬರುತ್ತೆ ಅಕ್ಕ? ನಮ್ಮಲ್ಲಿ ಶೂ ದುಡ್ಡು ಎಸ್‌ಡಿಎಂಸಿ ಖಾತೆಗೆ ಬರುತ್ತೆ. 1ರಿಂದ 5ನೇ ತರಗತಿಗೆ ಮಗುವಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ ಎಂದು ಇಟ್ಟಿದ್ದರು. ಅಷ್ಟರಲ್ಲಿ ಶೂ ಮತ್ತು ಎರಡು ಜೊತೆ ಸಾಕ್ಸ್ ಬರಬೇಕು. ನಾವು ಅಂಗಡಿ ಅಂಗಡಿ ಅಲೆದು, ಒಟ್ಟಿಗೆ ತಗೊಳ್ಳುತ್ತೇವೆ ಎಂದು ಚೌಕಾಸಿ ಮಾಡಿ ತರುತ್ತೇವೆ. ಒಬ್ಬೊಬ್ಬ ತಾಯಿ ಹೋಗಿ ಕೇಳಿದರೆ ಆ ಬೆಲೆಗೆ ಯಾರೂ ಕೊಡಲ್ಲ. ಒಟ್ಟಿಗೆ ತರುವುದರಲ್ಲಿ ಆ ಲಾಭ ಇದೆ.

ಜೆ.ಪಿ.ನಗರ ಅಕ್ಕ

ಸರಿ, ಆದರೆ ಒಟ್ಟಿಗೆ ತರುವಾಗ ಬಣ್ಣ, ಸೈಜ್ ತಾಯಂದಿರನ್ನು ಕೇಳಿ ತರಲಿ ಅನ್ನೋದು ನನ್ನ ಮಾತು. ಕೊಡುವವರೇ ಎಲ್ಲಾ ತೀರ್ಮಾನ ಮಾಡುವುದು ನನಗೆ ಸರಿ ಕಾಣಲ್ಲ.

ಹಳೇ ಮೈಸೂರಿಗ

ಸರ್ಕಾರ ಕೊಡಬೇಕಾದ್ದನ್ನು ಬೀದಿಯವರು ಕೊಡುತ್ತಾ ಹೋದರೆ ಸರ್ಕಾರ ಕೈ ತೊಳೆದುಕೊಳ್ಳುತ್ತೆ. ಎರಡು ಜೊತೆ ಸಮವಸ್ತ್ರದ ವಿಷಯಕ್ಕೇ ಹೈಕೋರ್ಟಿಗೆ ಹೋಗಬೇಕಾಯಿತು, 2019ರಲ್ಲಿ ಕೋರ್ಟು ಹೇಳಬೇಕಾಯಿತು. ಮೊದಲು ಅದನ್ನು ಕೇಳಿ. ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು, 2006ರಲ್ಲಿ ಶುರುವಾಗಿದ್ದು. ಕೊರೋನಾ ಸಮಯದಲ್ಲಿ ನಿಂತುಹೋಯಿತು. ಯಾರು ಕೇಳಿದರು?

ಸಂತೆಪೇಟೆ ಹುಡುಗ

ಆ ಸೈಕಲ್ ನನ್ನ ಹತ್ತಿರ ಇನ್ನೂ ಇದೆ ಸರ್. ಟೈರ್ ಮಾತ್ರ ಬದಲಾಯಿಸಿದ್ದೇನೆ.

ಮಂಡ್ಯದ ಮಗಳು

ನಮ್ಮ ಊರಿಂದ ಹೈಸ್ಕೂಲಿಗೆ ಹೆಣ್ಣುಮಕ್ಕಳು ಆ ಸೈಕಲ್ಲಲ್ಲೇ ಹೋಗುತ್ತಿದ್ದೆವು. ಈಗಿನವರು ಬೆಳಿಗ್ಗೆ ಮಂಜಿನಲ್ಲಿ ನಡೆದು ಹೋಗುತ್ತಾರೆ ಇಲ್ಲ ಬಸ್ಸಿಗೆ ಕಾಯುತ್ತಾರೆ. ಬಸ್ಸು ಫ್ರೀ ಇದ್ದರೂ ಬರಬೇಕಲ್ಲ.

ಹುಣಸೂರು ರಸ್ತೆ

ಸೈಕಲ್ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ, ನಾನೂ ಬರುತ್ತೇನೆ. ಸರ್ಕಾರ ಕೇಳುವುದು ಬೇಕು, ಒಪ್ಪಿದೆ. ಆದರೆ ಕೇಳಿ ಉತ್ತರ ಬರುವವರೆಗೆ ಡಿಸೆಂಬರ್ ಕಾಯುತ್ತಾ? ಅರ್ಜಿಯನ್ನೂ ಕೊಡೋಣ, ಸ್ವೆಟರನ್ನೂ ಕೊಡೋಣ.

ವಿಜಯನಗರ ಎರಡನೇ ಹಂತ

ಫೋಟೋ ವಿಷಯ ಯಾರೂ ಎತ್ತಲಿಲ್ಲ. ದುಡ್ಡು ಕೊಟ್ಟವರು ಫೋಟೋ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ ಅನ್ನಿಸುತ್ತೆ ನನಗೆ, ತಮ್ಮ ದುಡ್ಡು ಎಲ್ಲಿ ಹೋಯಿತು ಎಂದು ಗೊತ್ತಾಗಬೇಕಲ್ಲ.

ಟೀಚರಮ್ಮ

ಬಂಡಲ್‌ಗಳ ಫೋಟೋ ತೆಗೆಯಿರಿ, ಬಿಲ್ಲಿನ ಫೋಟೋ ತೆಗೆಯಿರಿ. ಮಗುವಿನ ಮುಖ ಬೇಡ. ವೇದಿಕೆ ಹಾಕಿ, ಬ್ಯಾನರ್ ಕಟ್ಟಿ, ಒಂದೊಂದೇ ಮಗುವನ್ನು ಹೆಸರು ಕರೆದು ಹತ್ತು ಜನರ ಮಧ್ಯೆ ನಿಲ್ಲಿಸುವ ಕಾರ್ಯಕ್ರಮಗಳನ್ನು ನಾನು ನೋಡಿದ್ದೇನೆ. ಭಾಷಣ ಮುಗಿಯುವವರೆಗೆ ಮಕ್ಕಳು ಬಿಸಿಲಲ್ಲಿ ಕೂತಿರುತ್ತಾರೆ. ಆ ಮಕ್ಕಳು ನಾಳೆ ದೊಡ್ಡವರಾಗುತ್ತಾರೆ, ಆ ಫೋಟೋ ಎಲ್ಲೋ ಓಡಾಡುತ್ತಲೇ ಇರುತ್ತೆ. ಸ್ವೆಟರ್ ತಂದು ನಮ್ಮ ಕೈಗೆ ಕೊಡಿ. ಹಾಜರಿ ತೆಗೆದುಕೊಂಡ ಮೇಲೆ ಪುಸ್ತಕ ಹಂಚುವ ಹಾಗೆ ತರಗತಿಯಲ್ಲೇ ಹಂಚುತ್ತೇವೆ.

ಲೆಕ್ಕ ಕೇಳುವವನು

ಮೇಡಂ ಹೇಳಿದ್ದು ಸರಿ. ನಾನು ದುಡ್ಡು ಕೊಟ್ಟರೆ ನನಗೆ ಬಿಲ್ಲು ಸಾಕು. ಕುವೆಂಪುನಗರದವರೇ, ಬೀದಿಯವರೇ ಆಗಬೇಕು ಅಂತೇನಿಲ್ಲ ಅಲ್ವಾ? ಒಂದು ತರಗತಿಯ ಖರ್ಚು ನನ್ನದು. ಎಲ್ಲರಿಗೂ ಕೊಡಬೇಕಾ ಅನ್ನುವ ಮಾತು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ತರಗತಿಯೊಳಗೆ ಆರಿಸುವುದು ಬೇಡ ಅನ್ನೋದು ಒಪ್ಪಿದೆ.

ಕುವೆಂಪುನಗರದವನು

ಖಂಡಿತ ಸೇರಿಕೊಳ್ಳಿ ಸರ್. ಎಲ್ಲರಿಗೂ ಧನ್ಯವಾದ. ಇವತ್ತು ಹೆಡ್ ಮಾಸ್ಟರ್ ಮತ್ತು ಎಸ್‌ಡಿಎಂಸಿ ಅಧ್ಯಕ್ಷೆಯನ್ನು ನೋಡಿ ಬಂದೆವು. ಅಧ್ಯಕ್ಷೆ ಸ್ವತಃ ಮನೆಗೆಲಸ ಮಾಡುವವರು. ಅವರು ಕೂತು ಹತ್ತೇ ನಿಮಿಷದಲ್ಲಿ ಎಲ್ಲಾ ಹೇಳಿದರು. ದೊಡ್ಡ ಮಕ್ಕಳಿಗೆ ಮನೆಯಲ್ಲಿ ಯಾರದ್ದೋ ಸ್ವೆಟರ್ ಸಿಗುತ್ತೆ, 1ರಿಂದ 4ರವರೆಗಿನ ಮಕ್ಕಳಿಗೆ ಇಲ್ಲ. ಶೆಡ್ಡಿನ ಮಕ್ಕಳಿಗೆ ಏನೂ ಇಲ್ಲ. ಬಣ್ಣ ನೇವಿ ಬ್ಲೂ ಇರಲಿ, ಕೊಳೆ ಕಾಣಲ್ಲ, ಸಮವಸ್ತ್ರದ ಜೊತೆ ಹೊಂದುತ್ತೆ ಅಂದರು.

ಆದ್ದರಿಂದ ಈಗ 1ರಿಂದ 4ನೇ ತರಗತಿಯ ಎಲ್ಲರಿಗೂ ದಪ್ಪ ಹತ್ತಿಯ ಸ್ವೆಟ್ ಶರ್ಟ್, ದಾರ ಇಲ್ಲ, ಜಿಪ್ ಇಲ್ಲ. ಎಲ್ಲಾ ತರಗತಿಗೂ ಎರಡೆರಡು ಬನಿಯನ್, ಒಳ ಉಡುಪು, ಬಣ್ಣದ ಕವರಿನಲ್ಲಿ ಮುಚ್ಚಿ. ದೊಡ್ಡ ತರಗತಿಯ ಶೆಡ್ಡಿನ ಮಕ್ಕಳ ಸ್ವೆಟರ್ ಹೆಡ್ ಮಾಸ್ಟರ್ ಬೇರೆ ಬೇರೆ ಬಣ್ಣದಲ್ಲಿ ತರಿಸಿ ಮನೆಗೇ ಕಳಿಸುತ್ತಾರಂತೆ. ಉಳಿದ ದುಡ್ಡನ್ನು ಎತ್ತಿಟ್ಟು ಮೇ ಕೊನೆಯಲ್ಲಿ ರೇನ್‌ಕೋಟ್. ಬೀದಿಯ ಹಳೇ ಸ್ವೆಟರುಗಳನ್ನು ಆರಿಸಿ, ಒಗೆದು, ಬೇರೆ ಇಡುತ್ತೇವೆ. ಅದಕ್ಕೆ ಒಳ್ಳೆ ಜಾಗ ಹೇಳಿ.

ಟೀಚರಮ್ಮ

ಸೈಜಿಗೆ ಎರಡರ ಹಾಗೆ ಜಾಸ್ತಿ ತಂದು ಹೆಡ್ ಮಾಸ್ಟರ್ ಬೀರುವಿನಲ್ಲಿ ಇಡಿ ಸರ್. ಕಟ್ಟಡ ಕೆಲಸದವರು ವರ್ಷದ ಮಧ್ಯೆ ಬರುತ್ತಾರೆ, ಹೋಗುತ್ತಾರೆ. ಜನವರಿಯಲ್ಲಿ ಸೇರುವ ಮಗುವಿಗೆ ಇಲ್ಲ ಅನ್ನುವ ಹಾಗಾಗಬಾರದು.

ಮಂಡ್ಯದ ಮಗಳು

ಹಳೆಯದರಲ್ಲಿ ಹತ್ತಿಯದ್ದು, ಉಣ್ಣೆಯದ್ದು ಇದ್ದರೆ ನಮ್ಮ ಕಡೆ ಆಲೆಮನೆಗೆ ಕೊಡಿ. ಆಕ್ರಿಲಿಕ್ ಬೇಡ, ಅಕ್ಕ ಹೇಳಿದ್ದಾರಲ್ಲ. ಮೈಸೂರಿಗೆ ವಾರಕ್ಕೊಮ್ಮೆ ಬರುತ್ತೇನೆ, ನಾನೇ ತಗೊಂಡು ಹೋಗುತ್ತೇನೆ. ಅಲ್ಲಿಯ ಹೆಂಗಸರಿಗೆ ನಮ್ಮ ಭಾಷೆ ಅಷ್ಟು ಬರಲ್ಲ, ಆದರೆ ಅವರನ್ನೇ ಕರೆದು ಆರಿಸಿಕೊಳ್ಳಲು ಹೇಳುತ್ತೇನೆ.

ಹುಣಸೂರು ರಸ್ತೆ

ಹಾಡಿಗೆ ಹೊಸದು ಕೊಡಿಸುವ ಪ್ರಯತ್ನ ನಾನು ಮಾಡುತ್ತೇನೆ. ಹಾಡಿಯ ಹಿರಿಯರನ್ನು ಕೇಳಿ ಎಷ್ಟು ಮಕ್ಕಳು, ಯಾವ ಸೈಜ್ ಎಂದು ಇಲ್ಲೇ ಹಾಕುತ್ತೇನೆ. ಅಲ್ಲಿ ರಾತ್ರಿ ಹೊದ್ದುಕೊಳ್ಳುವ ಕಂಬಳಿ ಸ್ವೆಟರಿಗಿಂತ ಜಾಸ್ತಿ ಬೇಕಾಗಬಹುದು. ಅವರು ಏನು ಅನ್ನುತ್ತಾರೋ ನೋಡೋಣ.

ಸೂಜಿ ದಾರ

ಅಳತೆ ದಿನ ಹೇಳಿ ಸರ್, ಟೇಪು ಹಿಡಿದು ಬರುತ್ತೇನೆ. ಮಂಗಳವಾರ ನನ್ನ ಅಂಗಡಿ ರಜೆ.

ಕುವೆಂಪುನಗರದವನು

ಹಾಗಾದರೆ ಮಂಗಳವಾರವೇ ಇಟ್ಟುಕೊಳ್ಳೋಣ, ಪ್ರಾರ್ಥನೆ ಮುಗಿದ ಮೇಲೆ. ನಮ್ಮ ಮನೆಯವರೂ ಬರುತ್ತಾರೆ, ಹೆಣ್ಣುಮಕ್ಕಳ ಅಳತೆ ಅವರು ತಗೊಳ್ಳುತ್ತಾರೆ.

ಟೀಚರಮ್ಮ

ನಾಲ್ಕನೇ ತರಗತಿಯಲ್ಲೂ ಒಬ್ಬಿಬ್ಬರಿಗೆ 32 ಬೇಕಾಗುತ್ತೆ. ಅಂಗಡಿಯವರು ಚಿಕ್ಕ ಮಕ್ಕಳು ಅಂದ ತಕ್ಷಣ 28ಕ್ಕೇ ನಿಲ್ಲಿಸಿ ಬಂಡಲ್ ಕಟ್ಟಿಬಿಡುತ್ತಾರೆ. ಆರ್ಡರ್ ಕೊಡುವಾಗ ಸೈಜುಗಳನ್ನು ಬರೆದೇ ಕೊಡಿ.